ಕೆಳಗ ಅಕ್ಷರ ಬರ್ತಾವ್ರಿ

...ಇಲ್ರಿ ವಿವೇಕಾನಂದ ಅವರ, ಅದಕ್ಕ ಕಾರ್ಟೂನ್ ಅನ್ನಬ್ಯಾಡ್ರಿ. ಆನಿಮೆ ಅಂತಾರ. ಜಪಾನಿನವರು ಮಾಡಿದ್ದು. ನಗ್ರಿ, ನಗ್ರಿ... ನಮ್ಮವ್ವ ಇಲ್ಲಿದ್ದಿದ್ರ ಈಗ ನನ್ನ ತೊಡಿ ಹಿಂಡಿರ್ತಿದ್ಳು. ಗಂಡಿನ ಕಡ್ಯಾವರ ಮುಂದ ಇದೊಂದು ಮಾತು ತೆಗೀಬ್ಯಾಡ ಅಂತ ಮುಂಜಾನಿಂದ ಹೇಳೇ ಹೇಳ್ಯಾಳ. ಹಿರೇರು ಖೂಬಾ ಪ್ಲಾಟಿನಾಗ, ನಮ್ಮ ಮನ್ಯಾಗ, ನೀವು ಕಮಲಾಪುರದಿಂದ ತಂದ ಕೆಂಪು ಬಾಳಿಹಣ್ಣು ತಿನ್ಕೋತ ಆರಾಮ ಕುಂತಾರ. ನಮ್ಮಿಬ್ಬರಿಗೆ, ಹೋಗ್ರಿ, ಜಗತ್ ಸರ್ಕಲ್ಲಿನಾಗ ಜ್ಯೂಸ್ ಕುಡದು ಒಂದೀಟು ಮಾತಾಡಿ ಬರ್ರಿ ಅಂತ ಅಟ್ಯಾರ. ಮಾತಾಡು ಅಂದ್ರ ನನಗ ಬರೂದು ಇದೊಂದ ಮಾತು. ಏನ್ ಮಾಡ್ಲಿ?

ಕೇಳ್ರಿ. ಒಂದು ಸಾಲಿ ಅದ. ಅಲ್ಲಿ ಓದೋ ಒಬ್ಬೊಬ್ಬ ಹುಡುಗಗೂ ಒಂದೊಂದು ಶಕ್ತಿ. ಒಂದೊಂದು ಅಂದ್ರ, ಎಲ್ಲಾನೂ ಉಪಯೋಗಕ್ಕ ಬರ್ತಾವ ಅನಕೋಬ್ಯಾಡ್ರಿ! ಮಿಚಿ ಅಂತ ಒಬ್ಬಾಕಿ ಹುಡುಗಿ. ಆಕಿ ಯಾವ ಬಾಗಲಾ ತೆಗದ್ರೂ ಅದು ಯಾರದರೆ ಅಡಗಿಮನಿಗೇ ಹೋಗ್ತದ. ಪರೀಕ್ಷಾ ಹಾಲಿನ ಬಾಗಲಾ ತೆಗೀತಾಳ... ಅಡಗಿಮನಿ. ವೈರಿ ಬೆನ್ನ ಹತ್ಯಾನ, ಓಡಿ ಹೋಗಿ ಬಾಗಲಾ ತೆಗೀತಾಳ... ಯಾರೋ ಮುದುಕಿ ಅನ್ನಾ ಬಸೀಲಾಕತ್ತಾಳ! ಹೆಡ್‌ಮೇಡಂ ಅದಾಳ, ಮೊಣಕಾಲುದ್ದ ಮುದುಕಿ. ಆಕಿ ಸೀನಿದ್ರ ಜಗತ್ತೇ ನಿಂತ್ಬಿಡ್ತದ. ಆದ್ರ ಆ ಸೀನು ಮುಗಿಯೂತನಕ ಅಷ್ಟ. ಅದಕ್ಕ ಯಾವಾಗಲೂ ಸೊಂಟಕ್ಕ ಮೆಣಸಿನಪುಡಿ ಚೀಲಾ ಕಟಗೊಂಡಿರ್ತಾಳ.

ಹಾಂ? ಹೌದ್ರಿ ಹೌದ್ರಿ, ಸಕ್ರಿ ಜರಾ ಕಮ್ಮಿನೇ ಹಾಕ್ಯಾರ.

ಯಾಕ ಹಂಗ ನೋಡ್ಲಾಕತ್ತೀರಿ? ಸಕ್ರಿ ಬಗ್ಗೆ ಕೇಳಲಿಲ್ಲ? ಓ... ಕೆಲಸದ ಬಗ್ಗೆ. ಈ ಮಿಕ್ಸರ್ ಸಪ್ಪಳಾ ನೋಡ್ರಿ, ತಲಿ ಚಿಟ್ ಹಿಡಸ್ತದ. ಕೆಲಸಾ ಇಲ್ಲೇರಿ, ಆ ಮೂಲಿ ದಾಟಿದ್ರ ಒಂದು ಫ್ಲೆಕ್ಸ್ ಅಂಗಡಿ. ಹುಟ್ಟಹಬ್ಬಾ, ಮದುವಿ, ನಾಯಕರಿಗೆ ಸ್ವಾಗತಾ, ಎಲ್ಲಾ ನಾನ ಡಿಸೈನ್ ಮಾಡ್ತೀನಿ. ನನ್ನ ಬಾಜೂಕ ಜೀನತ್ ಅಂತ ಕುಂದರ್ತಾಳ, ಆಕಿನೇ ನನಗ ಈ ಹುಚ್ಚು ಹಚ್ಚಿದಾಕಿ. ಮಧ್ಯಾಹ್ನ ಡಬ್ಬಿ ಬಿಚ್ಚಿ ಇಬ್ಬರೂ ಒಂದ ಮೊಬೈಲಿನಾಗ ನೋಡ್ತೀವಿ. ಒಮ್ಮೆ ಏನಾತು, ಒಬ್ಬ ನಾಯಕರ ಫೋಟೋಕ್ಕ ಗೊತ್ತಿಲ್ಲದಂಗ ನಮ್ಮ ಆನಿಮೆ ಹುಡುಗರ ಕೂದಲಾ ಕುಂದರಿಸಿಬಿಟ್ಟೀನಿ. ಮುಳ್ಳುಮುಳ್ಳು ನೀಲಿ ಕೂದಲಾ. ಸಾಹುಕಾರ ಬೈಲಾಕ ಬಂದಾ, ಅಷ್ಟರಾಗ ನಾಯಕರೇ ಫೋನ್ ಮಾಡಿ, ಭಾಳ ಛಂದ ಬಂದದ, ವಯಸ್ಸು ಇಳದದ, ಇನ್ನೊಂದು ಹಂಗೇ ಮಾಡ್ರಿ ಅಂದ್ರು!

ನಗ್ತೀರಲ್ಲ... ನೀವು ನಕ್ರ ಛಂದ ಕಾಣ್ತೀರಿ. ಇದನ್ನೂ ಹೇಳಬಾರದಾಗಿತ್ತೇನೋ.

ಇರ್ರಿ, ಕೆಂತಾನ ಸುದ್ದಿ ಹೇಳೇ ಇಲ್ಲ. ನನ್ನ ಕೆಂತಾ. ಆ ಹುಡುಗಗ ಆನಿ ಬಲ. ಆದ್ರ ಯಾರೂ ನೋಡದಾಗ ಅಷ್ಟ. ಒಂದು ಕಣ್ಣು ಬಿತ್ತಂದ್ರ ಮುಗೀತು, ಕೊಡಾ ಎತ್ತಲಾಕೂ ಬರೂದಿಲ್ಲ. ಹಿಂಗಾಗಿ ಅವನ ಮಾತು ಯಾರೂ ನಂಬೂದಿಲ್ಲ. ಇಡೀ ಮೈದಾನ ಸ್ವಚ್ಛ ಮಾಡಿರ್ತಾನ, ಗಾಳಿ ಬೀಸಿತ್ತು ಅಂತಾರ. ನೀವು ದನದ ಡಾಕ್ಟರು, ನಿಮಗ ಗೊತ್ತಿರಬೇಕು. ಇಡೀ ರಾತ್ರಿ ಕುಂತು ಕರಾ ಹೊರಗ ತೆಗೀತೀರಿ, ಮುಂಜಾನಿ ಆಕಳಾ ತಾನೇ ಈದದ ಅಂದಂಗ ಮಾತಾಡ್ತಾರ ಹೌದಲ್ಲ? ...ಹೌದಂತೀರಿ! ನೋಡ್ರಿ ಮತ್ತ.

ಒಂದು ದಿನ ಸೇತುವೆ ಕುಸೀತದ. ಕೆಳಗ ಮಂದಿ ಸಿಕ್ಕೊಂಡಾರ. ದೊಡ್ಡ ದೊಡ್ಡ ಶಕ್ತಿಯವರೆಲ್ಲಾ ಸೋತ ಕುಂತಾರ. ಆಗ ಕೆಂತಾ ಸಣ್ಣ ದನಿಯಾಗ, ಎಲ್ಲಾರೂ ಕಣ್ಣ ಮುಚಗೋರಿ ಅಂತಾನ. ಸುತ್ತ ಬೆಂಕಿ, ಮ್ಯಾಲಿಂದ ಕಲ್ಲು ಬೀಳ್ಲಾಕತ್ತಾವ, ಅಂಥಾದ್ರಾಗ ಯಾರು ಮುಚಗೋತಾರ್ರಿ? ಮೊದಲ ಮಿಚಿ ಮುಚಗೋತಾಳ. ಆಮ್ಯಾಲ ಇನ್ನೊಬ್ಬ. ಆಮ್ಯಾಲ ಅವನಿಗೆ ದಿನಾ ಕಾಡ್ಸತಿದ್ದ ಹುಡುಗ. ಕಡೀಕ ಕಲ್ಲಿನ ಕೆಳಗ ಸಿಕ್ಕೊಂಡ ಮಂದೀನೂ. ಪರದೆ ಪೂರಾ ಕಪ್ಪಾಗ್ತದ. ಅವ ಎತ್ತಿದ್ದು ನಮಗೂ ತೋರ್ಸೂದಿಲ್ಲ! ಕಣ್ಣ ಬಿಟ್ರ ಎಲ್ಲಾರೂ ಹೊರಗ ನಿಂತಾರ, ಕೆಂತಾ ಕೈ ಝಾಡಿಸ್ಕೊಳ್ಳಾಕತ್ತಾನ. ಜೀನತ್ ನಾನು ಇಬ್ಬರೂ ಅತ್ತೂ ಅತ್ತೂ... ಗಿರಾಕಿ ಬಂದವ ಯಾರೋ ಸತ್ತಾರ ಅಂತ ತಿಳದು ವಾಪಸ್ ಹೋದ.

ಹೂಂರಿ. ಮದುವಿ ಆದ ಮ್ಯಾಲೂ ಕೆಲಸಾ ಬಿಡಂಗಿಲ್ಲ. ಕಮಲಾಪುರದಿಂದ ದಿನಾ ಬಸ್ಸಿಗೆ ಬಂದು ಹೋಗ್ತೀನಿ. ನೀವು ಕೇಳಿದ್ದು ಛಲೋನೇ ಆತು, ಮೊದಲೇ ಮಾತಾಡಿ...

ಏನಾತ್ರಿ?

ಯಾಕ ಗ್ಲಾಸು ಕೆಳಗ ಇಟ್ರಿ?

ನೀವು... ಏನೂ ಕೇಳೇ ಇಲ್ಲ? ಬರೇ ಐಸ್ ಕಡೀಲಾಕತ್ತಿದ್ರ್ಯಾ?

...

ಹಂಗ ನೋಡಬ್ಯಾಡ್ರಿ. ಹೇಳ್ತೀನಿ. ನನಗ ಕಿವಿ ಅಷ್ಟು ಕೇಳಿಸೂದಿಲ್ರಿ. ಎರಡೂ ಕಿವಿ. ಸಣ್ಣಾಕಿದ್ದಾಗ ಜ್ವರಾ ಬಂದಿತ್ತು, ಅದು ಹೋಗುವಾಗ ಇದನ್ನೂ ತಗೊಂಡ ಹೋತು. ಎದುರಿಗೆ ಕುಂತು ಮಾತಾಡಿದ್ರ ತುಟಿ ನೋಡಿ ತಿಳಕೋತೀನಿ. ಗದ್ದಲಿದ್ರ ಅರ್ಧಾ ಅಂದಾಜು. ಕಿವಿಗೆ ಹಾಕೋ ಮಷೀನ್ ಅದ. ಆದ್ರ ಇವತ್ತ ಹಾಕೋಬ್ಯಾಡ ಅಂದ್ಳು ಅವ್ವ. ಹೆಂಗೂ ಬಾಯಿ ಜೋರದ, ನೀನೇ ಮಾತಾಡಕೋತ ಹೋಗು, ಅವರಿಗೆ ಕೇಳ್ಲಾಕ ಪುರಸೊತ್ತೇ ಕೊಡಬ್ಯಾಡ ಅಂದ್ಳು. ಆಕೀದು ತಪ್ಪಲ್ರಿ. ನಿಮಗಿಂತ ಮೊದಲ ತಾಜಸುಲ್ತಾನಪುರದವರು ನನ್ನ ನೋಡ್ಲಾಕ ಬಂದಿದ್ರು, ಮಷೀನ್ ನೋಡಿ ಚಾ ಸೈತ ಕುಡೀಲಿಲ್ಲ. ಅವತ್ತಿಂದ ಆಕಿಗೆ ಅಂಜಿಕಿ.

ಕೆಂತಾ, ಮಿಚಿ, ಎಲ್ಲಾ ಛಂದೇ ಅದಾರ್ರಿ. ಆದ್ರ ನಾನು ಅದನ್ನ ನೋಡ್ಲಾಕ ಸುರು ಮಾಡಿದ್ದು... ಅದರಾಗ ಆಡಿದ ಮಾತಿಗೆಲ್ಲಾ ಕೆಳಗ ಅಕ್ಷರ ಬರ್ತಾವ್ರಿ. ಮನ್ಯಾಗ ಎಲ್ಲಾರೂ ಟಿವಿ ನೋಡಿ ನಗೂವಾಗ ಅವರ ಮಾರಿ ನೋಡಿ ನಾನೂ ನಗ್ತಿದ್ದೆ. ಏನಂದ ಅಂತ ಕೇಳಿದ್ರ, ಆಮ್ಯಾಲ ಹೇಳ್ತೀನಿ ಅಂತಿದ್ರು. ಆ ಆಮ್ಯಾಲ ಯಾವತ್ತೂ ಬರ್ತಿರಲಿಲ್ಲ. ಇದರಾಗ ಹಂಗಿಲ್ಲ. ಮಾತು ಜಪಾನಿ, ಯಾರಿಗೂ ತಿಳಿಯೂದಿಲ್ಲ. ಬೊಂಬಿ ತುಟಿ ಬರೇ ತೆರೀತಾವ, ಮುಚ್ಚತಾವ. ಜೀನತ್‌ಗೂ ಅಕ್ಷರಾನೇ ಗತಿ, ನನಗೂ ಅಕ್ಷರಾನೇ ಗತಿ. ಮೊದಲನೇ ದಿನ ಒಂದು ಹಾಸ್ಯ ಬಂತು, ನಾನು ಜೀನತ್‌ಗಿಂತ ಮೊದಲ ನಕ್ಕೆ. ಮೊದಲ ನಕ್ಕೆ ರೀ! ಆಕಿ ನನ್ನ ಮಾರಿ ನೋಡಿದ್ಳು, ಏನಂದಾ ಅಂತ. ನಾನು ಆಕಿಗೆ ಹೇಳಿದೆ.

ಅಷ್ಟ. ಇನ್ನ ಮುಚ್ಚಿಟ್ಟಿದ್ದು ಏನೂ ಇಲ್ಲ.

ಎದ್ರ್ಯಾ? ...ಹೂಂ. ಹೋಗ್ರಿ. ಬ್ಯಾಸರಿಲ್ಲ. ಹಿರೇರ ಮುಂದ ಏನರೆ ಒಂದು ನೆವಾ ಹೇಳ್ರಿ, ಹುಡುಗಿ ಭಾಳ ಮಾತಾಡ್ತಾಳ ಅನ್ರಿ, ಅದು ಖರೇನೇ... ಗಲ್ಲೆಕ್ಕ ಹೊಂಟೀರೇನು, ರೊಕ್ಕಾ ಕೊಡ್ಲಾಕ? ಜ್ಯೂಸಿನವ ಯಾಕ ನನ್ನ ಕಡೆ ನೋಡ್ಲಾಕತ್ತಾನ? ಏನ್ ಹೇಳಿದ್ರಿ ಅವನಿಗೆ?

ಮಿಕ್ಸರ್ ಬಂದ್ ಮಾಡ್ಸಿದ್ರ್ಯಾ!

ಅಯ್ಯ, ಇಡೀ ಅಂಗಡೀನೇ ನಮ್ಮ ಕಡೆ ತಿರಗ್ಯದ ರೀ. ಜ್ಯೂಸ್ ಬೇಕು ಅಂತ ನಿಂತಾರ ಮಂದಿ. ತಡೀರಿ, ತಡೀರಿ, ಏನೂ ಹೇಳಬ್ಯಾಡ್ರಿ ಇನ್ನಾ. ಅವ್ವ ಕಪಾಟಿನಾಗ ಇಟ್ಟ ಮಷೀನ್ ನಾನು ಕದ್ದು ಪರ್ಸಿನಾಗ ಹಾಕ್ಕೊಂಡ ಬಂದೀನಿ... ಇಲ್ಲೇ ಅದ... ಹಾಂ. ಹಾಕ್ಕೊಂಡೆ. ಸ್ವಲ್ಪ ಸೀಟಿ ಹೊಡೀತದ, ಆಮ್ಯಾಲ ಸರಿ ಆಗ್ತದ. ಆತು.

ಈಗ ಹೇಳ್ರಿ.

...

...ನಿಮ್ಮವ್ವಗ ಕಿವಿ ಸುದ್ದಿ ನಾನೇ ಹೇಳ್ತೀನಿ ರೀ. ಮನಿಗೆ ಹೋದಕೂಡಲೆ, ಇದನ್ನ ಹಾಕ್ಕೊಂಡೇ, ಎದುರಿಗೆ ಕುಂತು ಹೇಳ್ತೀನಿ. ನೀವು ಬಾಜೂಕ ನಿಂತ್ರ ಸಾಕು.

ಏನಂದ್ರಿ? ಒಪ್ಪಿಗಿ ಅಂದ್ರ್ಯಾ? ಕೇಳಿಸ್ತು. ಕೇಳಿಸ್ತು ರೀ, ಒಂದೊಂದು ಅಕ್ಷರ ಕೇಳಿಸ್ತು.

ಆದ್ರೂ ಇನ್ನೊಮ್ಮೆ ಹೇಳ್ರಿ.