ದಿಮ್ಮಿಯೊಳಗಿನ ಮೊಳೆ

೧೯೮೩ರಲ್ಲಿ ದಾಂಡೇಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಗಂಡ ಹೆಂಡತಿ ಸನವಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಗಂಡ ಇನಾಸ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವ ಕೆಲಸಗಾರನೆಂದು ಅವರ ಮಾತಿನಿಂದ ತಿಳಿಯಿತು. ಹೆಂಡತಿ ಕ್ರಿಸ್ತಿನಾ ಅವನ ಕೈ ಬಿಟ್ಟಿರಲಿಲ್ಲ.

“ಇವತ್ತಿನ ಆ ಮರದಾಗ ಮೊಳಿ ಹೆಂಗ ಹೊಕ್ಕಿತ್ತು?” ಎಂದು ಅವಳು ಕೇಳಿದಳು.

“ಹಿಂದ ಯಾರೋ ಹೊಡದಿದ್ರು. ಮರ ಬೆಳೀತಾ ಅದನ್ನ ನುಂಗಿತ್ತು. ಗರಗಸ ತಾಗಿದ್ರ ಅದರ ಉಕ್ಕಿನ ಪಟ್ಟಿ ಹರದು ನನ್ನ ಎದಿಗೇ ಬರ್ತಿತ್ತು. ನಮ್ಮ ಮಿಲ್ಲಿನ ಲುಯಿಸ್ ಹಂಗ ಸತ್ತಾನಲ್ಲ.”

“ರೇಡಿಯೊ ರಿಪೇರಿ ಮಾಡೂ ಬಾನುಗ ಅದು ಹೆಂಗ ಗೊತ್ತಾತು?”

“ಲುಯಿಸ್ ಸತ್ತಾಗಿಂದ ಆಕಿ ಒಂದು ಯಂತ್ರದ ಹಿಂದ ಬಿದ್ದಿದ್ಳು. ತಾಮ್ರದ ತಂತಿ ಸುತ್ತಿದ ದೊಡ್ಡ ಬಳಿ ಅದು. ಅದರಾಗ ಕರೆಂಟ್ ಹಿಂದ ಮುಂದ ಓಡಿ, ಸುತ್ತ ಅಯಸ್ಕಾಂತದ ಶಕ್ತಿ ಹಬ್ಬತೈತಿ. ಕಬ್ಬಿಣ ಹತ್ರ ಬಂದ್ರ ಆ ಶಕ್ತಿ ಕದಲ್ತೈತಿ, ಬಳಿಗೆ ಜೋಡಿಸಿದ ಪೆಟ್ಟಿಗ್ಯಾಗಿನ ಗುಂಯ್ ಅನ್ನೂ ದನಿ ಬದಲಾಗ್ತೈತಿ.”

“ಕಟ್ಟಿಗಿಗೆ ಬದಲಾಗಂಗಿಲ್ಲ?”

“ಇಲ್ಲ. ಕಟ್ಟಿಗಿ ಅದಕ್ಕ ಗಾಳಿ ಇದ್ಹಂಗ. ಇವತ್ತ ಅದನ್ನ ಮಿಲ್ಲಿಗೆ ತಂದು ದಿಮ್ಮಿ ಮ್ಯಾಲೆ ಬಳಿ ಆಡಸ್ತಾ ಬಂದ್ಳು, ನಡುವ ದನಿ ಕೀಚಲಾತು. ‘ಇನಾಸ, ಮಷಿನ್ ಬಂದ್ ಮಾಡು’ ಅಂದ್ಳು. ಕೊಡ್ಲೀಲೆ ಕಡದು ನೋಡಿದ್ರ ಬೆರಳುದ್ದದ ಮೊಳಿ.”

ಕ್ರಿಸ್ತಿನಾ ಅವನ ಕಡೆ ತಿರುಗಿದಳು.

“ನೀ ಆಕಿಗೆ ಏನಂದಿ?”

“ನಾ ಮೊಳಿ ನೋಡ್ಕೋತ ನಿಂತೆ, ಅಷ್ಟರಾಗ ಆಕಿ ಪ್ಯಾಟ್ಯಾಗಿನ ಅಂಗಡಿಗೆ ಹೋಗಿಬಿಟ್ಳು.”

ಅಷ್ಟರಲ್ಲಿ ಬಸ್ಸು ಬಂತು. ಇನಾಸ ಚೀಲ ಎತ್ತಿಕೊಂಡ. ಕ್ರಿಸ್ತಿನಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

“ಮನಿಗೆ ಆಮ್ಯಾಲೆ ಹೋಗೂಣು. ಮೊದಲ ಆಕಿ ಅಂಗಡಿ ತೋರಸು.”

ಇಬ್ಬರೂ ಬಸ್ಸಿಗೆ ಬೆನ್ನು ಮಾಡಿ ಪೇಟೆಯ ಕಡೆಗೆ ನಡೆದರು.