ಸೊಸೆ ಬರೆದ ಕಾಗದ

ಕೋರ್ಟಿನಲ್ಲಿ ತೀರ್ಪಿನ ನಕಲು ಕೊಡುವ ಕಿಟಕಿಯ ಮುಂದೆ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. ಆ ದಾರಿಯಲ್ಲಿ ಬಂದ ಕೋರ್ಟಿನ ಟೈಪಿಸ್ಟ್ ಅವರ ಗುರುತು ಹಿಡಿದು ನಿಂತರು.

"ಅಮ್ಮಾ, ನೀವು ಆ ಮಾದಕ ವಸ್ತುವಿನ ಪೊಟ್ಟಣದ ಕೇಸಿನವರಲ್ವಾ? ನಾಲ್ಕು ವರ್ಷದ ಹಿಂದೆ ಆ ತೀರ್ಪು ಟೈಪ್ ಮಾಡಿದ್ದು ನಾನೇ."

"ಹೌದಪ್ಪ. ಪೊಟ್ಟಣ ಕೊಟ್ಟು ಕಳಿಸಿದ್ದು ನನ್ನ ಮಗ, ಸಿಕ್ಕಿಬಿದ್ದಿದ್ದು ಸೊಸೆ. ಅವಳಿಗೆ ಹತ್ತು ವರ್ಷ."

"ಮಗನ ವಿರುದ್ಧ ನೀವೇ ಸಾಕ್ಷಿ ಹೇಳಿದ್ರಿ."

"ಹೆತ್ತಿದ್ದೀನಿ ಅಂತ ಸುಳ್ಳು ಹೇಳೋಕಾಗುತ್ತಾ?"

"'ಹತ್ತಕ್ಕಿಂತ ಕಡಿಮೆ ಕೊಡೋಕೆ ಕಾನೂನು ಬಿಡಲ್ಲ' ಅಂತ ಬರೆಸುವಾಗ ಜಡ್ಜ್ ಸಾಹೇಬರ ದನಿಯೇ ಕುಗ್ಗಿಹೋಗಿತ್ತು."

"ಆ ಮಾತನ್ನೇ ಹಿಡ್ಕೊಂಡಳು ನೋಡಿ. ಜಡ್ಜಿಗೆ ಯೋಚನೆ ಮಾಡೋ ಅಧಿಕಾರ ವಾಪಸ್ ಕೊಡಿ ಅಂತ ಜೈಲಿಂದ ಒಬ್ಬೊಬ್ಬ ಸಂಸದರಿಗೂ ಕಾಗದ ಬರೆದಳು. ಸಂಸತ್ತಿನಲ್ಲಿ ಒಬ್ಬರು ಎದ್ದು ನಿಂತು ಅದನ್ನ ಪೂರ್ತಿ ಓದಿದ್ರು."

"ಕಾನೂನೂ ಬದಲಾಯ್ತು, ಹಳೇ ಶಿಕ್ಷೆಗಳನ್ನೂ ಮತ್ತೆ ನೋಡಬಹುದು ಅಂತಾಯ್ತು. ಇವತ್ತು ಏನಂದ್ರು ಸಾಹೇಬರು?"

"ಮೊದಲಿಂದ ಎಲ್ಲಾ ಕೇಳಿದ್ರು. ಜೈಲಲ್ಲಿ ಕಳೆದ ನಾಲ್ಕು ವರ್ಷವೇ ಸಾಕು, ಇವತ್ತೇ ಬಿಡಿ ಅಂದ್ರು. ಏಳನೇ ಕ್ಲಾಸು ಓದಿದವಳಪ್ಪ ಅವಳು!"

ಕಿಟಕಿಯೊಳಗಿಂದ ಗುಮಾಸ್ತರು ಕೇಸಿನ ನಂಬರು ಕೂಗಿದರು. ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದರು.

"ನಕಲು ಯಾರಿಗೆ? ನೀವು ಆ ಕೈದಿಗೆ ಏನಾಗಬೇಕು?" ಎಂದು ಗುಮಾಸ್ತರು ಕೇಳಿದರು.

"ಅತ್ತೆ," ಎಂದರು, ಇಡೀ ವರಾಂಡಕ್ಕೆ ಕೇಳುವ ಹಾಗೆ. "ನಾನು ಅವಳ ಅತ್ತೆ."

ಸಹಿ ಹಾಕಿ, ನಕಲನ್ನು ಎದೆಗವಚಿಕೊಂಡು, ಟೈಪಿಸ್ಟ್ ಚಾಚಿದ ಕೈಯನ್ನೂ ಹಿಡಿಯದೆ ಒಬ್ಬರೇ ಸರಸರನೆ ಮೆಟ್ಟಿಲಿಳಿದು ಜೈಲಿನ ರಸ್ತೆ ಹಿಡಿದರು.