ಗೊಂಚಿಗ್ ಹಾಕಿಕೊಟ್ಟ ರಬ್ಬರ್

ಒಲೆಗೆ ಇನ್ನೊಂದಿಷ್ಟು ಒಣಸಗಣಿ ಹಾಕಿ, ಬಾಗಿಲು ಭದ್ರ ಮಾಡಿಕೊಂಡು ಕೂತ್ಕೊಳ್ಳಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ಯೊಂದೊನ್‌ಗೆ ಆದದ್ದು. ಅವನು ಸುಳ್ಳು ಹೇಳುವ ಪೈಕಿ ಅಲ್ಲ. ಹೇಳಲು ಹೊರಟರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳುತ್ತಾನೆ.

ಚಳಿಗಾಲ ಹೊಸ್ತಿಲಲ್ಲಿತ್ತು, ಮೊದಲ ಹಿಮ ಇನ್ನೂ ಬಿದ್ದಿರಲಿಲ್ಲ. ಕತ್ತಲಾದ ಮೇಲೆ ಯೊಂದೊನ್ ಉಣ್ಣೆ ಹೊದಿಸಿದ ನೆರೆಯ ಗೆರ್ ಗುಡಾರದಿಂದ ನಡೆದು ಬರುತ್ತಿದ್ದ. ತಾನು ಮರಳುವವರೆಗೆ ಮೇಕೆಗಳ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಅಲ್ಲಿಯ ಮುದುಕಿಗೆ ಹೇಳಿ ಬರಲು ಹೋಗಿದ್ದ. ಬೆಳಗಾದರೆ ಹೆಂಡತಿ ಸೆವ್ಜಿದ್‌ಳನ್ನು ಜೀಪಿನಲ್ಲಿ ಕೂರಿಸಿಕೊಂಡು ಕೆಂಪು ಘಾಟಿ ದಾಟಿ ಆಸ್ಪತ್ರೆ ಸೇರಬೇಕು. ಅವಳಿಗೆ ದಿನ ತುಂಬಿತ್ತು. ಮೊದಲ ಮಗು ಘಾಟಿಯ ಏರಿನಲ್ಲಿ ಜೀಪು ಕೆಟ್ಟು ನಿಂತಾಗ ದಾರಿಯಲ್ಲೇ ಹುಟ್ಟಿ ದಾರಿಯಲ್ಲೇ ಹೋಗಿತ್ತು. ಈ ಸಲ ಹಾಗಾಗಕೂಡದು ಅನ್ನುವುದೊಂದೇ ಅವನ ತಲೆಯಲ್ಲಿದ್ದದ್ದು.

ಜೀಪು ಹಳೇ ರಷ್ಯನ್ನು. ನಮ್ಮ ಕಡೆ ಎಲ್ಲರೂ ಅದನ್ನು ‘ಅರವತ್ತೊಂಬತ್ತು’ ಅಂತಲೇ ಕರೆಯುವುದು. ಇಂಜಿನ್ನನ್ನು ಹೊತ್ತು ಕೂರುವ ರಬ್ಬರ್‌ಗಳು ಹರಿದುಹೋಗಿದ್ದವು. ನಿಂತಲ್ಲೇ ಇಂಜಿನ್ ಕುಣಿಯುತ್ತಿತ್ತು... ಡಗ, ಡಗ, ಡಗ. ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಕೆಳಗಿನಿಂದ ಒಂದು ಏಟು... ಧಡ್! ಗೇರಿನ ಕೋಲು ಮೊಣಕಾಲಿಗೆ ಬಡಿಯುತ್ತಿತ್ತು. ಇಳಿಜಾರಿನಲ್ಲಿ ಹಾಗಾದರೆ ಗೇರೇ ಎಗರಿ ಗಾಡಿ ಕೈಮೀರುತ್ತದೆ. ಹಾಗಾಗಿ ಯೊಂದೊನ್ ಲಾರಿಯವನ ಕೈಲಿ ಉಲಾನ್‌ಬಾತರ್‌ನಿಂದ ಹೊಸ ರಬ್ಬರ್ ಜೋಡಿ ತರಿಸಿದ. ಎಣ್ಣೆ ಕಾಗದ ಬಿಚ್ಚಿ ಸೆವ್ಜಿದ್ ಮೂಸಿ ನೋಡಿದಳು. ಹೊಸ ಬೂಟಿನ ವಾಸನೆ ಅಂತ ನಕ್ಕಳು.

ಆ ಜೋಡಿಯನ್ನು ಅವನು ತನ್ನ ಅಣ್ಣ ಗೊಂಚಿಗ್‌ನ ಕೈಗೆ ಕೊಟ್ಟ. ಅಪ್ಪ ಹೋದ ಮೇಲೆ ಅವನನ್ನು ಸಾಕಿದವನು, ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಯಲು ಕಲಿಸಿದವನು ಈ ಗೊಂಚಿಗ್. ಸುತ್ತಲಿನ ಜೀಪುಗಳೆಲ್ಲ ಅವನ ಅಂಗಳಕ್ಕೇ ಬರುವುದು. ತಾನೂ ಕೈಹಾಕುತ್ತೇನೆ ಎಂದದ್ದಕ್ಕೆ ಗೊಂಚಿಗ್ ಗದರಿದ.

“ಬಸುರಿ ಹೆಂಡತಿ ಇರೋನು ಇಂಜಿನ್ ಎತ್ತಬಾರದು ಕಣೋ. ಹೋಗಿ ಅವಳಿಗೆ ಚಹಾ ಕಾಸ್ಕೊಡು. ನಾಳೆ ಬಂದು ಗಾಡಿ ತಗೊಂಡೋಗು.”

ಅಣ್ಣ ಹೇಳಿದ ಮೇಲೆ ಮುಗಿಯಿತು. ಮಾರನೇ ದಿನ ಯೊಂದೊನ್ ಗಾಡಿ ತಂದ. ಬಾನೆಟ್ ಎತ್ತಿ ನೋಡಲಿಲ್ಲ. ನಮ್ಮಲ್ಲಿ ಅಣ್ಣ ಬಿಗಿದ ಬೋಲ್ಟಿನ ಮೇಲೆ ತಮ್ಮ ಕಣ್ಣಾಡಿಸಿದರೆ ಅದು ಅಣ್ಣನ ಮುಖಕ್ಕೆ ಉಗುಳಿದ ಹಾಗೆ. ಸಮತಟ್ಟು ನೆಲದಲ್ಲಿ ಇಂಜಿನ್ ಅಲುಗಲೂ ಇಲ್ಲ. ಮನೆಗೆ ಬಂದು, ನಮ್ಮಣ್ಣನ ಕೈ ಅಂದ್ರೆ ಕೈ ಎಂದು ಹೆಂಡತಿಯ ಮುಂದೆ ಹೊಗಳಿದ, ಪಾಪ.

ಈಗ ಆ ರಾತ್ರಿಗೆ ಬನ್ನಿ... ದಾರಿಯಲ್ಲಿ ಬಾವಿ ಇದೆ. ಸಿಮೆಂಟಿನ ಕಟ್ಟೆ, ಕಬ್ಬಿಣದ ಸರಪಳಿ, ದನ ಕುಡಿಯುವ ಉದ್ದನೆಯ ತೊಟ್ಟಿ. ಗಾಳಿ ಇರಲಿಲ್ಲ. ಆದರೂ ಸರಪಳಿ ಅಲುಗುತ್ತಿತ್ತು. ಕಿರ್ರ್... ಕಿರ್ರ್... ಆಮೇಲೆ ಅದೂ ನಿಂತಿತು. ನಿಂತ ಮೇಲೆ ಬೇರೆ ಸದ್ದು ಕೇಳಿಸಿತು. ಡಗ, ಡಗ, ಡಗ... ಎಲ್ಲೋ ಒಂದು ಜೀಪು ನಿಂತಲ್ಲೇ ಕುಣಿಯುತ್ತಿದೆ. ದೀಪ ಇಲ್ಲ. ಯಾವ ದಿಕ್ಕು ಅಂತಲೂ ತಿಳಿಯಲಿಲ್ಲ. ಧಡ್... ಆಮೇಲೆ ಮೌನ.

ತೊಟ್ಟಿಯ ಅಂಚಿನಲ್ಲಿ ಒಬ್ಬ ಬೆನ್ನು ಹಾಕಿ ಕೂತಿದ್ದ.

“ತಮ್ಮಾ... ನಾಳೆ ಘಾಟಿ ಇಳೀತೀಯಾ?” ಪಿಸುದನಿ.

“ಹೂಂ. ನೀವ್ಯಾರು?”

ಅವನು ತಿರುಗದೆಯೇ ಕೇಳಿದ. “ಇಂಜಿನ್ ರಬ್ಬರ್ ಯಾರು ಹಾಕಿದ್ದು?”

“ಅಣ್ಣ.”

“ಹೊಸದು ಅಂದನಾ?”

“ಹೊಸದೇ. ನಾನೇ ತರಿಸಿದ್ದು.”

ಆ ಮನುಷ್ಯನಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು.

“ನನಗೂ ಹೊಸದು ಅಂತಲೇ ಕೊಟ್ಟಿದ್ದ... ಅವತ್ತು ನಾನು ಕುಡಿದಿರಲಿಲ್ಲ, ತಮ್ಮಾ.”

ಆಗ ಯೊಂದೊನ್‌ಗೆ ದನಿ ಗುರುತು ಸಿಕ್ಕಿತು. ದೆಂಬೆರೆಲ್. ಹಿಂದಿನ ಚಳಿಗಾಲದಲ್ಲಿ ಕೆಂಪು ಘಾಟಿಯ ಇಳಿಜಾರಿನಲ್ಲಿ ಗೇರ್ ಎಗರಿ, ಜೀಪು ಕೈಮೀರಿ, ಕಂದಕಕ್ಕೆ ಬಿದ್ದು ಸತ್ತವನು. ಮೊದಲು ಅಲ್ಲಿಗೆ ಹೋಗಿ ನೋಡಿದವನು ಗೊಂಚಿಗ್. ಕುಡಿದಿದ್ದ, ವಾಸನೆ ಬರುತ್ತಿತ್ತು ಎಂದು ಊರಿಗೆಲ್ಲ ಹೇಳಿದವನೂ ಅವನೇ. ದೆಂಬೆರೆಲ್‌ನ ಹೆಂಡತಿ ಆ ಮಾತು ಕೇಳಿ ತಲೆ ತಗ್ಗಿಸಿದವಳು ಮತ್ತೆ ಎತ್ತಿರಲಿಲ್ಲ.

ಯೊಂದೊನ್ ಓಡಲಿಲ್ಲ. ಓಡಿದರೆ ಬೆನ್ನು ಹತ್ತುತ್ತದೆ ಎಂದು ಅಜ್ಜಿ ಹೇಳಿದ್ದಳು. ಹಿಂದೆ ತಿರುಗದೆ ನಡೆದೇ ಮನೆ ಸೇರಿದ. ಸೆವ್ಜಿದ್ ಒಳಗೆ ಮಲಗಿದ್ದಳು. ಅವಳನ್ನು ಎಬ್ಬಿಸಲಿಲ್ಲ. ಟಾರ್ಚ್ ಹಿಡಿದು ಜೀಪಿನ ಮುಂದೆ ನಿಂತ. ಬಾನೆಟ್ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ. ಅಣ್ಣನ ಕೆಲಸ ಬಿಚ್ಚಿ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತಂತೆ ಅವನಿಗೆ, ಆಗಲೂ.

ಬಾನೆಟ್ ಎತ್ತಿದ. ಕ್ರೀಚ್... ಬೆಳಕು ಬಿಟ್ಟ. ರಬ್ಬರ್ ಕಪ್ಪಗೆ ಹೊಳೆಯುತ್ತಿತ್ತು, ಹೊಚ್ಚ ಹೊಸದರಂತೆ. ಅಬ್ಬಾ ಎಂದು ಬೆರಳು ಸವರಿದ. ಬೆರಳಿಗೆ ಕಪ್ಪು ಹತ್ತಿತು. ಮೂಸಿದ. ಬೂಟ್ ಪಾಲಿಶ್. ಬಟ್ಟೆ ತಂದು ಒರೆಸಿದ. ಕೆಳಗೆ ಬರೀ ಬಿರುಕು, ಉಗುರು ಹೋಗುವಷ್ಟು ಆಳ. ಇನ್ನೂ ಒರೆಸಿದಾಗ ಸುಟ್ಟ ಗುರುತೊಂದು ಕಂಡಿತು. ಅರ್ಧಚಂದ್ರ, ಅದರ ಮೇಲೊಂದು ಚುಕ್ಕೆ.

ದೆಂಬೆರೆಲ್‌ನ ಕುದುರೆಗಳ ಮುದ್ರೆ ಅದು. ಕುದುರೆಗೆ ಹಾಕುವ ಬರೆಯನ್ನೇ ಆ ಪುಣ್ಯಾತ್ಮ ತನ್ನ ಜ್ಯಾಕಿಗೆ, ಸ್ಪ್ಯಾನರಿಗೆ, ಗಾಡಿಗೆ ಬರುವ ಪ್ರತಿಯೊಂದು ಹೊಸ ಸಾಮಾನಿಗೂ ಒತ್ತುತ್ತಿದ್ದ. ಕಳ್ಳರ ಕಾಟಕ್ಕೆ ಹಾಗೆ ಮಾಡುತ್ತಿದ್ದ, ನಾವೆಲ್ಲ ನಗುತ್ತಿದ್ದೆವು.

ಯೊಂದೊನ್ ನೆಲದ ಮೇಲೆ ಕೂತುಬಿಟ್ಟ. ಬಾವಿಯ ಹತ್ತಿರ ಇಷ್ಟು ಭಯವಾಗಿರಲಿಲ್ಲ. ಸತ್ತವನ ಗಾಡಿಯಿಂದ, ಯಾರ ಕಣ್ಣಿಗೂ ಬೀಳುವ ಮೊದಲು ಬಿಚ್ಚಿ ತಂದದ್ದು. ಅದನ್ನೇ ಪಾಲಿಶ್ ಹಾಕಿ ತಮ್ಮನ ಹೆಂಡತಿ, ಹುಟ್ಟಬೇಕಾದ ಮಗು ಕೂರುವ ಗಾಡಿಗೆ ಬಿಗಿದಿದ್ದಾನೆ. ಹಾಗೆ ಮಾಡಿದವನು ಬೇರೆ ಯಾರೋ ಅಲ್ಲ. ನೆಗಡಿಯಾದರೆ ರಾತ್ರಿಯೆಲ್ಲ ಬೆನ್ನು ತಿಕ್ಕಿದವನು.

ಕುದುರೆ ಹತ್ತಿ ಅಣ್ಣನ ಗೆರ್‌ಗೆ ಹೋದ. ಗುರುತಿನ ನಾಯಿಗಳು ಬಾಲ ಅಲ್ಲಾಡಿಸಿದವು. ಗೊಂಚಿಗ್‌ನ ಜೀಪಿನಲ್ಲಿ ಕೀಲಿ ಯಾವಾಗಲೂ ಹಾಗೇ ಇರುತ್ತದೆ. ಯೊಂದೊನ್ ಹತ್ತಿ ಕೂತು ತಿರುಗಿಸಿದ. ತಿಂಗಳ ಹಿಂದೆ ತಗಡಿನ ಡಬ್ಬಿಯಂತೆ ಬಡಿದುಕೊಳ್ಳುತ್ತಿದ್ದ ಗಾಡಿ... ಗುರ್‌ರ್... ಬೆಕ್ಕಿನ ಹಾಗೆ ಮೆತ್ತಗೆ. ಗೇರಿನ ಕೋಲಿನ ಮೇಲೆ ಕೈಯಿಟ್ಟ. ಅಲುಗಾಟವೇ ಇಲ್ಲ.

ಗೊಂಚಿಗ್ ಹೆಗಲಿಗೆ ಕುರಿಚರ್ಮದ ಅಂಗಿ ಎಳೆದುಕೊಂಡು ಹೊರಗೆ ಬಂದ.

“ನನ್ನ ರಬ್ಬರ್ ಎಲ್ಲಿ ಅಣ್ಣಾ?”

ಗೊಂಚಿಗ್ ಮೊದಲು ನಕ್ಕ. ಆಮೇಲೆ ಸಮಜಾಯಿಷಿ ಶುರುವಾಯಿತು. ನಿನ್ನದು ವರ್ಷಕ್ಕೊಮ್ಮೆ ಘಾಟಿ ನೋಡುವ ಗಾಡಿ, ನನ್ನದು ದಿನಾ ದುಡಿಯುವ ಗಾಡಿ. ಒಂದು ಸಲ ಹೋಗಿ ಬರಲು ಅದು ಧಾರಾಳ ಸಾಕು. ವಸಂತಕ್ಕೆ ನಾನೇ ಹೊಸದು ಹಾಕಿಕೊಡುತ್ತಿದ್ದೆ. ಇಷ್ಟೆಲ್ಲ ಹೇಳಿ, ತಮ್ಮ ಜೀಪಿನಿಂದ ಇಳಿಯದಿದ್ದಾಗ, ದನಿ ಏರಿಸಿದ.

“ದೆಂಬೆರೆಲ್ ಸತ್ತಿದ್ದು ಕುಡಿದು. ರಬ್ಬರಿಗೂ ಅದಕ್ಕೂ ಸಂಬಂಧ ಇಲ್ಲ.”

“ನಾನು ಅವನ ಹೆಸರೇ ಎತ್ತಲಿಲ್ಲವಲ್ಲ ಅಣ್ಣಾ.”

ಯೊಂದೊನ್‌ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಣ್ಣಾ ಎಂದು ಅವನು ಕರೆದದ್ದು ಅದೇ ಕೊನೆ. ಜೀಪನ್ನು ಹಾಗೇ ತಿರುಗಿಸಿ ಮನೆಗೆ ತಂದ. ಗೊಂಚಿಗ್ ತಡೆಯಲಿಲ್ಲ.

ಬೆಳಗ್ಗೆ ಅದೇ ಜೀಪಿನಲ್ಲಿ ಸೆವ್ಜಿದ್ ಘಾಟಿ ದಾಟಿದಳು, ಅರ್ಧ ದಾರಿ ನಿದ್ದೆ ಮಾಡಿಕೊಂಡು. ಹೆಣ್ಣುಮಗು ಹುಟ್ಟಿತು. ಈಗ ಅದು ನನ್ನ ಮೀಸೆ ಎಳೆಯುವಷ್ಟು ದೊಡ್ಡದಾಗಿದೆ. ಬರುವಾಗ ಯೊಂದೊನ್ ದೆಂಬೆರೆಲ್‌ನ ಹೆಂಡತಿಯ ಮನೆಗೆ ಹೋಗಿ, ನಿನ್ನ ಗಂಡ ಕುಡಿದಿರಲಿಲ್ಲ ಎಂದು ಎಲ್ಲರೆದುರಿಗೆ ಹೇಳಿದ. ಆಮೇಲೆ ಜೀಪನ್ನು ಗೊಂಚಿಗ್‌ನ ಅಂಗಳಕ್ಕೆ ಮುಟ್ಟಿಸಿ, ತನ್ನ ರಬ್ಬರ್ ಬಿಚ್ಚಿಕೊಂಡು, ಅಲ್ಲೇ ಬಿಟ್ಟಿದ್ದ ತನ್ನ ಕುದುರೆ ಹತ್ತಿ ಬಂದ.

ಗೊಂಚಿಗ್ ಈಗ ಎಲ್ಲಿಗಾದರೂ ನಡೆದೇ ಹೋಗುತ್ತಾನೆ, ಇಲ್ಲವೇ ಕುದುರೆ. ಅವನು ಹತ್ತಿದ ಗಾಡಿ ಯಾವುದೇ ಇರಲಿ, ಇಂಜಿನ್ ಕುಣಿಯಲು ಶುರುಮಾಡುತ್ತದೆ. ಜನ ಸುಮ್ಮನೆ ಕಟ್ಟಿದ ಕತೆ ಎಂದು ನಾನೂ ಅಂದುಕೊಂಡಿದ್ದೆ. ಅವನೂ ನನಗೆ ಚಿಕ್ಕಮ್ಮನ ಮಗನೇ, ಹೇಳಲು ನನಗೇನೂ ಖುಷಿ ಇಲ್ಲ. ಆದರೆ ಹೋದ ತಿಂಗಳು ನಾನಿದ್ದ ಬಸ್ಸನ್ನು ಅವನು ಹತ್ತಿದ. ಹೊಸ ಬಸ್ಸು. ಅವನು ಕೂತದ್ದೇ ತಡ... ಡಗ, ಡಗ, ಡಗ. ಕಿಟಕಿಗಳು ಬಡಿದುಕೊಂಡವು. ಡ್ರೈವರ್ ಎರಡು ಸಲ ಇಳಿದು ನೋಡಿದ, ಏನೂ ಸಿಗಲಿಲ್ಲ. ಕೊನೆಗೆ ಗೊಂಚಿಗ್ ತಾನಾಗಿ ಎದ್ದು, ಯಾರ ಮುಖವನ್ನೂ ನೋಡದೆ, ಬಯಲಿನ ನಡುವೆ ಇಳಿದುಹೋದ.

ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ, ಈ ಕಣ್ಣಿಂದ ನೋಡಿದ್ದು. ಬಸ್ಸು ಮತ್ತೆ ಹೊರಟಿತು. ಡ್ರೈವರ್ ಹೊಸದಾಗಿ ತುಂಬಿ ಮುಂದಿಟ್ಟುಕೊಂಡ ಚಹಾದ ಲೋಟ ಒಂದು ತೊಟ್ಟೂ ತುಳುಕಲಿಲ್ಲ.